ಪರದೆಯ ಮೇಲಿನ ದಾರಿಯಲ್ಲಿ ಇತ್ತಲಾರ್‌ಗೆ

ಮೇ ತಿಂಗಳ ಒಂದು ಬೆಳಗ್ಗೆ ಮೈಸೂರು ಬಿಟ್ಟಾಗ ನನ್ನ ತೊಡೆಯ ಮೇಲೆ ಲ್ಯಾಪ್‌ಟಾಪ್ ಇತ್ತು. ಹಿಂದಿನ ದಿನ ನೀಲಗಿರಿಯ ಇತ್ತಲಾರ್‌ನಿಂದ ಫೋನ್ ಬಂದಿತ್ತು. ನಮ್ಮ ಪಕ್ಕದ ಮನೆಯ ರಾಜಮ್ಮ ಆ ಊರಿನ ಬಡಗ ಜನಾಂಗದ ಹೆಣ್ಣುಮಗಳು. ಬೇಸಿಗೆ ರಜೆಗೆ ತವರಿಗೆ ಹೊರಟಾಗ ನಮ್ಮ ಎಂಟು ವರ್ಷದ ಅನುವನ್ನೂ ಕರೆದುಕೊಂಡು ಹೋಗಿದ್ದಳು. "ಅಕ್ಕಾ, ಅನುಗೆ ಜ್ವರ ಬಿಡ್ತಾನೇ ಇಲ್ಲ. ಪಕ್ಕದ ಮಂಜೂರಿನ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ಅಮ್ಮಾ ಅಮ್ಮಾ ಅಂತ ಕನವರಿಸ್ತಾಳೆ, ಬಂದ್ಬಿಡಿ" ಎಂದಳು. ಅಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಎಷ್ಟು ತಿರುಗಿಸಿದರೂ ಸಿಗಲಿಲ್ಲ.

ನಾನು ಮೊದಲೇ ಅಂಜುಬುರುಕಿ. ನಮ್ಮ ಯಜಮಾನರು ಅದಕ್ಕೆ ಪೂರ್ತಿ ವಿರುದ್ಧ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವೆ ಪಾಠ ಹೇಳುವವರು, ದಾರಿಯಲ್ಲಿ ಯಾರನ್ನಾದರೂ ದಾರಿ ಕೇಳುವುದೆಂದರೆ ಅವರಿಗೆ ಅವಮಾನ. ಆ ವರ್ಷ ಅಂಗೈಯಗಲದ ಒಂದು ಜಿಪಿಎಸ್ ತರಿಸಿಕೊಂಡಿದ್ದರು. ಆಕಾಶದ ಉಪಗ್ರಹಗಳನ್ನು ಹಿಡಿದು ನಾವು ಎಲ್ಲಿದ್ದೇವೆಂದು ಅಂಕಿಗಳಲ್ಲಿ ಹೇಳುವ ಯಂತ್ರ ಅದು. ಅದನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸೇರಿಸಿದರೆ ಪರದೆಯ ನಕ್ಷೆಯ ಮೇಲೆ ನಮ್ಮ ಕಾರು ಒಂದು ಕೆಂಪು ಚುಕ್ಕೆಯಾಗಿ ಓಡುತ್ತಿತ್ತು. ನೀಲಗಿರಿಯ ನಕ್ಷೆಯನ್ನು ಕಾಲೇಜಿನ ಕಪಾಟಿನಿಂದ ತಂದು ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನರಿನ ಗಾಜು ಚಿಕ್ಕದಾದ್ದರಿಂದ ನಕ್ಷೆಯ ಅಂಚುಗಳನ್ನು ಹಿಂದಕ್ಕೆ ಮಡಚಿದ್ದರು. "ಅಂಚಿನಲ್ಲಿ ಬರೀ ಅಕ್ಷರ ಕಣೇ, ನಮಗೆ ಬೇಕಾಗಿರೋದು ಮಧ್ಯದ ದಾರಿ" ಎಂದಿದ್ದರು.

ಜಿಪಿಎಸ್ಸನ್ನು ಡ್ಯಾಶ್‌ಬೋರ್ಡಿನ ಮೇಲೆ, ಗಾಜಿಗೆ ತಾಗುವಂತೆ ಟೇಪು ಹಾಕಿ ಅಂಟಿಸಿದ್ದರು. ಸಿಗರೇಟ್ ಲೈಟರಿನ ತೂತಿನಿಂದ ಲ್ಯಾಪ್‌ಟಾಪಿಗೆ ಕರೆಂಟು. ಎರಡು ವೈರುಗಳ ನಡುವೆ ನಾನು ಸಿಕ್ಕಿಕೊಂಡು ಕುಳಿತೆ. ಚುಕ್ಕೆ ಎಲ್ಲಿದೆ, ಮುಂದೆ ತಿರುವು ಯಾವ ಕಡೆಗೆ ಎಂದು ಹೇಳುವುದು ನನ್ನ ಕೆಲಸ. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದೆವು. ನಾನು ಅರ್ಧಕ್ಕೇ ತಟ್ಟೆ ಸರಿಸಿದೆ.

ಆ ದಿನಗಳಲ್ಲಿ ಬಂಡೀಪುರದ ಕಾಡೆಂದರೆ ಆನೆಯ ಭಯ ಒಂದು ಕಡೆ, ಕಾಡುಗಳ್ಳರ ಭಯ ಇನ್ನೊಂದು ಕಡೆ. ಗಡಿ ದಾಟಿ ತೆಪ್ಪಕಾಡಿನತ್ತ ಹೋಗುವಾಗ ರಸ್ತೆಯ ಮಗ್ಗುಲಲ್ಲೇ ಒಂದು ಒಂಟಿ ಸಲಗ ನಿಂತಿತ್ತು. ಇವರು ಇಂಜಿನ್ ನಿಲ್ಲಿಸಿದರು. ಮರಗಳ ಅಡಿಯಲ್ಲಿ ಉಪಗ್ರಹ ತಪ್ಪಿತೋ ಏನೋ, ನನ್ನ ತೊಡೆಯ ಮೇಲಿನ ಲ್ಯಾಪ್‌ಟಾಪ್ ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಆನೆ ಕಿವಿ ಅಗಲಿಸಿತು. ನಾನು ಲ್ಯಾಪ್‌ಟಾಪಿನ ಮೇಲೆ ಸೀರೆಯ ಸೆರಗು ಹಾಕಿ, ಅದರ ಮೇಲೆ ಬೋರಲು ಬಿದ್ದು, ಗೊತ್ತಿದ್ದ ದೇವರನ್ನೆಲ್ಲ ಕರೆದೆ. ಆನೆ ಬಿದಿರಿನ ಮೆಳೆಯೊಳಗೆ ಹೋದ ಮೇಲೂ ನನಗೆ ತಲೆಯೆತ್ತಲು ಧೈರ್ಯ ಬರಲಿಲ್ಲ.

ಮಸಿನಗುಡಿಯಲ್ಲಿ ಚಹಾ ಕುಡಿದು ಕಲ್ಲಹಟ್ಟಿಯ ಏರು ಹತ್ತಿದೆವು. ಹೇರ್‌ಪಿನ್ ತಿರುವುಗಳು, ಒಂದರ ಮೇಲೊಂದು. ಕೆಳಗೆ ಬಿಸಿಲು, ಮೇಲೆ ಹೋದಂತೆ ಚಳಿ. ಊಟಿಯಲ್ಲಿ ಪ್ರವಾಸಿಗರ ಕಾರುಗಳ ಸಂತೆ, ಸಣ್ಣ ಮಳೆ. ಅಲ್ಲಿಂದ ಇತ್ತಲಾರ್‌ಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ಇರಬಹುದು. ಹೊತ್ತು ಮುಳುಗುವ ಮೊದಲೇ ಮಗಳ ಹಣೆ ಮುಟ್ಟಬಹುದೆಂದು ನನಗೆ ಮೊದಲ ಬಾರಿಗೆ ಉಸಿರು ಹಗುರವಾಯಿತು.

ಊರು ದಾಟಿದ್ದೇ ತಡ, ಮಂಜು ಇಳಿಯಿತು. ಬಾನೆಟ್ಟಿನ ತುದಿ ಕಂಡರೆ ಅದೇ ಹೆಚ್ಚು. ಮುಂದೆ ಮಂಜೂರಿಗೆ ಹೋಗುವ ಬಸ್ಸೊಂದು ಹಳದಿ ದೀಪ ಹಾಕಿಕೊಂಡು ತೆವಳುತ್ತಿತ್ತು. ನಾವು ಅದರ ಬಾಲ ಹಿಡಿದೆವು. ಸ್ವಲ್ಪ ದೂರದಲ್ಲಿ ದಾರಿ ಕವಲೊಡೆಯಿತು. ಬಸ್ಸು ಎಡಕ್ಕೆ ಹೊರಳಿತು. ಪರದೆಯಲ್ಲಿ ಇತ್ತಲಾರ್‌ಗೆ ಹತ್ತಿರದ ಗೆರೆ ಬಲಕ್ಕಿತ್ತು.

"ರೀ, ಬಸ್ಸಿನ ಹಿಂದೆಯೇ ಹೋಗೋಣ."

"ಬಸ್ಸು ಹತ್ತೂರು ಸುತ್ತುತ್ತೆ. ಅಲ್ಲಿ ಮಗು ನರಳ್ತಾ ಇದೆ, ನಮಗೆ ಹತ್ತಿರದ ದಾರಿ ಗೊತ್ತಿದೆ. ಚುಕ್ಕೆ ನೋಡು."

ಮಗುವಿನ ಹೆಸರೆತ್ತಿದ ಮೇಲೆ ನಾನೂ ಚುಕ್ಕೆಯತ್ತ ಕಣ್ಣು ತಿರುಗಿಸಿದೆ. ಬಲಕ್ಕೆ ತಿರುಗಿದೆವು.

ಚುಕ್ಕೆ ಗೆರೆಯ ಮೇಲೆಯೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. "ನೋಡಿದೆಯಾ" ಎಂದು ಇವರು ಬೀಗಿದರು. ಎದುರಿನಿಂದ ಒಂದು ಗಾಡಿಯೂ ಬರಲಿಲ್ಲ. ಚಹಾ ಗಿಡಗಳು ಮುಗಿದವು. ಟಾರಿನ ಬಿರುಕುಗಳಲ್ಲಿ ಹುಲ್ಲು ಎದ್ದಿತ್ತು. ಇಳಿಜಾರು ಮುಗಿಯುತ್ತಲೇ ಇರಲಿಲ್ಲ. ಇತ್ತಲಾರ್ ಗುಡ್ಡದ ಮೇಲಿದೆಯೆಂದು ರಾಜಮ್ಮ ಯಾವಾಗಲೂ ಹೇಳುತ್ತಿದ್ದಳಲ್ಲ, ನಾವೇಕೆ ಇಳಿಯುತ್ತಿದ್ದೇವೆ?

"ನಿಲ್ಲಿಸಿ. ನಾನು ಇಳಿದು ಮುಂದೆ ನಡೀತೀನಿ, ನೀವು ನನ್ನ ಹಿಂದೆ ಬನ್ನಿ."

"ಹುಚ್ಚಾ ನಿನಗೆ? ಮುಂದೆ ನೇರ ದಾರಿ, ಸೇತುವೆ ಕೂಡ ಇದೆ."

"ನಿಲ್ಲಿಸಿ ಅಂದೆ!" ನಾನು ಅವರ ಮೇಲೆ ಹಾಗೆ ಕೂಗಿದ್ದು ಅದೇ ಮೊದಲು. ಲ್ಯಾಪ್‌ಟಾಪನ್ನು ಸೀಟಿನ ಮೇಲಿಟ್ಟು ಇಳಿದೆ.

ಬಾನೆಟ್ಟಿನ ಮೇಲೆ ಒಂದು ಕೈಯಿಟ್ಟುಕೊಂಡು ಹೆಜ್ಜೆ ಹಾಕಿದೆ. ಮೊದಲು ಟಾರು, ಆಮೇಲೆ ಜಲ್ಲಿ, ಆಮೇಲೆ ಮೆತ್ತನೆಯ ಮಣ್ಣು. ಕಾರು ಆಮೆಯ ಹಾಗೆ ಹಿಂದೆ ಬರುತ್ತಿತ್ತು. ಕೈ ತಪ್ಪಿ ನಾನು ಎರಡು ಮಾರು ಮುಂದೆ ಹೋದೆ. ಬಲಗಾಲು ಕೆಸರಿನಲ್ಲಿ ಹೂತಿತು. ಎಳೆದೆ, ಚಪ್ಪಲಿ ಅಲ್ಲೇ ಉಳಿಯಿತು. ಬರಿಗಾಲು ಮುಂದಿಟ್ಟರೆ ನೀರು, ಹಿಮದಂಥ ನೀರು. ಇನ್ನೊಂದು ಹೆಜ್ಜೆಗೆ ಮೊಣಕಾಲಿನವರೆಗೆ. ಕಣ್ಣು ಕಿರಿದು ಮಾಡಿ ನೋಡಿದರೆ ಎದುರಿಗೆ ದಡವೇ ಇಲ್ಲ, ಮಂಜು ಮತ್ತು ನೀರು ಒಂದೇ ಬಣ್ಣ. ಅದರ ತಳ ಎಲ್ಲಿತ್ತೋ.

ಹಿಂದೆ ತಿರುಗಿದೆ. ಕಾರಿನ ದೀಪಗಳು ನನ್ನತ್ತಲೇ ಬರುತ್ತಿದ್ದವು. ಗಾಜಿನಾಚೆ ಇವರ ಮುಖ ನೀಲಿ ಬೆಳಕಿನಲ್ಲಿ ಪಕ್ಕದ ಸೀಟಿನತ್ತ ಬಾಗಿತ್ತು. ನನ್ನನ್ನಲ್ಲ, ಚುಕ್ಕೆಯನ್ನು ನೋಡುತ್ತಿದ್ದರು. ಎರಡೂ ಕೈಗಳಿಂದ ಬಾನೆಟ್ಟನ್ನು ಬಡಿದೆ. ಬಳೆ ಒಡೆಯಿತು. ಕಾರು ಜಾರಿತು, ನನ್ನ ಸೊಂಟಕ್ಕೆ ತಾಗಿತು, ನಿಂತಿತು.

ಇವರು ಇಳಿದು ಬಂದು ನೀರನ್ನು ನೋಡಿದರು. ಕಾರಿನೊಳಗೆ ಚುಕ್ಕೆ ಗೆರೆಯ ಮೇಲೆಯೇ ಮಿನುಗುತ್ತಿತ್ತು.

ಆ ಏರನ್ನೆಲ್ಲ ಇವರು ರಿವರ್ಸಿನಲ್ಲೇ ಹತ್ತಿಸಿದರು. ನಾನು ಕಿಟಕಿ ಹಿಡಿದುಕೊಂಡು ಪಕ್ಕದಲ್ಲಿ ಕುಂಟುತ್ತ ನಡೆದೆ. ಕವಲಿಗೆ ಬಂದು ಕಾದೆವು. ಇನ್ನೊಂದು ಬಸ್ಸು ಬಂತು. ಯಜಮಾನರು ತಾವಾಗಿಯೇ ಇಳಿದು ಡ್ರೈವರನ್ನು ಕೇಳಿದರು. "ಪಿನ್ನಾಡಿಯೇ ವಾಂಗೊ ಸಾರ್" ಎಂದು ಅವನು ಕೈಬೀಸಿ ಹಿಂದೆಯೇ ಬರಲು ಹೇಳಿದ. ಹಾಗೆ ಇತ್ತಲಾರ್ ಮುಟ್ಟಿದೆವು.

ಅನು ಕಂಬಳಿಯೊಳಗೆ ಮಲಗಿದ್ದಳು. ಹಣೆ ಮುಟ್ಟಿದೆ. ಬೆವರಿತ್ತು, ಜ್ವರ ಇಳಿಯುತ್ತಿತ್ತು. ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ರಾಜಮ್ಮನ ತಂದೆ ಬೋಜನ್ ಅವರು ಸಣ್ಣ ಚಹಾ ತೋಟದವರು, ತಲೆಗೆ ಬಿಳಿ ಮುಂಡಾಸು ಸುತ್ತಿದ ಮುದುಕರು. ನಮ್ಮ ಕಥೆ ಕೇಳಿ ಎದ್ದು ನಿಂತರು. "ಅದು ನಮ್ಮ ಹಳೇ ದಾರಿ ಅಮ್ಮ. ಡ್ಯಾಂ ಕಟ್ಟೋಕೆ ಮುಂಚೆ ನಮ್ಮಪ್ಪನ ಎತ್ತಿನ ಬಂಡಿ ಅಲ್ಲಿಯೇ ಬರ್ತಿತ್ತು. ಈಗ ಸೇತುವೆ, ಹೊಲ ಎಲ್ಲಾ ನೀರ ಅಡಿಯಲ್ಲಿ."

ಇವರು ಗೋಡೆಗೆ ಒರಗಿದರು. ನಕ್ಷೆ ಬಿಡಿಸಿದ ಕೂಡಲೇ ಮೊದಲು ಅಂಚಿನಲ್ಲಿರುವ ಸರ್ವೆಯ ವರ್ಷ ಓದಿ ಎಂದು ಪ್ರತಿ ವರ್ಷ ಹುಡುಗರಿಗೆ ಹೇಳಿಕೊಡುವವರು ಇವರೇ; ಅದೇ ಅಂಚನ್ನು ಮಡಚಿ, ಡ್ಯಾಂಗಿಂತ ಹಳೆಯ ನಕ್ಷೆಯನ್ನು ತಂದಿದ್ದರು. ಯಂತ್ರ ನಮಗೆ ಸುಳ್ಳು ಹೇಳಿರಲಿಲ್ಲ. ನಾವಿದ್ದದ್ದು ಆ ದಾರಿಯ ಮೇಲೆಯೇ.

ಬಡಗರಲ್ಲಿ ಮನೆಗೆ ಬಂದ ಕಿರಿಯರು ತಲೆ ಬಾಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುವ ಪದ್ಧತಿಯಿದೆ. ಬೋಜನ್ ಕೈ ಚಾಚಿದರು. ಗುಡಿಯಲ್ಲೂ ಸೆಟೆದು ನಿಲ್ಲುವ ನನ್ನ ಗಂಡ ಬಾಗಿದರು. ಮುದುಕರು ತಮ್ಮ ಮಾತಿನಲ್ಲಿ ಉದ್ದಕ್ಕೆ ಹರಸಿದರು. ಮುಗಿದ ಮೇಲೂ ಇವರು ತಲೆ ಎತ್ತಲಿಲ್ಲ. ಆಮೇಲೆ ಬಿಸಿ ರಾಗಿ ಹಿಟ್ಟು, ಆಲೂಗೆಡ್ಡೆ ಸಾರು ಬಡಿಸಿದರು. ಆ ದಿನ ನಾನು ಹೊಟ್ಟೆ ತುಂಬ ಉಂಡದ್ದು ಅದೊಂದೇ ಊಟ.

ಎರಡು ದಿನ ಬಿಟ್ಟು ಅನು ಗೆಲುವಾದ ಮೇಲೆ ಹೊರಟೆವು. ಲ್ಯಾಪ್‌ಟಾಪ್ ಡಿಕ್ಕಿಯಲ್ಲಿತ್ತು, ನನ್ನ ತೊಡೆಯ ಮೇಲೆ ಮಗಳಿದ್ದಳು. ಆಕಾಶ ತಿಳಿಯಾಗಿತ್ತು. ಒಂದು ಎತ್ತರದ ತಿರುವಿನಲ್ಲಿ ಇವರು ಕಾರು ನಿಲ್ಲಿಸಿದರು. ಕೆಳಗೆ ಹಿನ್ನೀರು ಕಣಿವೆಯನ್ನೆಲ್ಲ ತುಂಬಿಕೊಂಡು ಮಲಗಿತ್ತು. ಹಳೆಯ ದಾರಿ ಈಚೆಯಿಂದ ಇಳಿದು ಅದರೊಳಗೆ ಹೋಗಿ, ದೂರದ ಆಚೆ ದಡದಲ್ಲಿ ಎದ್ದು ಮತ್ತೆ ಗುಡ್ಡ ಹತ್ತಿತ್ತು. ಈಚೆಯ ಕೆಸರಿನಲ್ಲಿ ಚಕ್ರದ ಎರಡು ಗೆರೆಗಳು ನೀರಿನ ಹತ್ತಿರ ಬಂದು ನಿಂತಿದ್ದವು. ಅವುಗಳ ಎದುರಿಗೇ, ಗೇಣುದ್ದದಲ್ಲಿ, ಒಂದು ಕೆಂಪು ಚುಕ್ಕೆ.

"ಅಮ್ಮಾ, ಅದು ನಿನ್ನ ಚಪ್ಪಲಿ!" ಅನು ಕಿಟಕಿಯಿಂದ ಕೈ ತೋರಿಸಿದಳು. "ಅಪ್ಪಾ, ಹೋಗಿ ತಗೊಂಡು ಬಾ."

ಇವರು ಗೇರಿನ ಮೇಲಿಂದ ಕೈ ತೆಗೆದು ನನ್ನ ಬರಿಗಾಲಿನ ಮೇಲೆ ಇಟ್ಟರು.

"ಬೇಡ ಮಗಳೇ, ಅದು ಅಲ್ಲೇ ಇರಲಿ" ಎಂದರು.