ನಾನು ತಿರುವಿದ ಮುದ್ದೆ

ಬರೆದಿಟ್ಟುಕೊಳ್ಳಿ ಸ್ನೇಹಿತರೇ, ಇವತ್ತು ಮಧ್ಯಾಹ್ನ ನಮ್ಮ ಮನೆಯಲ್ಲಿ ಮುದ್ದೆ ತಿರುವಿದವನು ನಾನು! ಹೆಂಡತಿಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಗಬೇಕು. ಅವಳು ಎರಡು ತಿಂಗಳಿಂದ ಮುಂದೂಡುತ್ತಲೇ ಇದ್ದಳು.

"ಆಮೇಲೆ ಭಾರ ಎತ್ತಂಗಿಲ್ಲ, ಮುದ್ದೆ ತಿರುವಂಗಿಲ್ಲ. ಕುಂತು ತಿಂದು ಊದ್ಕೊಂಬುಡ್ತೀನಿ ಕಣ್ರೀ."

"ನಾನಿಲ್ವೇನೇ?" ಎಂದು ಎದೆ ತಟ್ಟಿಕೊಂಡು ಮುದ್ದೆಕೋಲು ಹಿಡಿದೆ. ಹಿಟ್ಟು ಗಂಟಾಯಿತು, ತಳ ಹತ್ತಿತು. ಆದರೂ ಮುದ್ದೆಯನ್ನು ಚೆಂಡಿನ ಹಾಗೆ ಗುಂಡಗೆ ಕಟ್ಟಿ ತಟ್ಟೆಗಿಟ್ಟೆ.

ಅವಳು ಒಂದು ತುತ್ತು ನುಂಗಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಿಮ್ ಕೈ ಮುದ್ದೆ ಉಂಡ್ರೆ ಊದ್ಕೊಳೋ ಭಯ ಇಲ್ಲ ಬುಡಿ. ಡಾಕ್ಟ್ರಿಗೆ ಫೋನ್ ಮಾಡಿ ದಿನ ಗೊತ್ಮಾಡಿ."

ಅರಸೀಕೆರೆಯ ಡಾಕ್ಟರಮ್ಮ ಎರಡು ತಿಂಗಳು ಹೇಳಿದರೂ ಒಪ್ಪದವಳನ್ನು ನಾನು ಒಂದೇ ಮುದ್ದೆಯಲ್ಲಿ ಒಪ್ಪಿಸಿದೆ. ಗಂಟಿನ ವಿಷಯ ಮಾತ್ರ ನಮ್ಮನಮ್ಮಲ್ಲೇ ಇರಲಿ.