ಸರ್ ದನಿಯಲ್ಲಿ ಆಡಿದ ಸುಳ್ಳು

ಶೈಲಜಾ ಅವರೇ, ಅವತ್ತು ಫೋನಿನಲ್ಲಿ ನಿಮಗೆ ಬುದ್ಧಿ ಹೇಳಿದ್ದು ಸರ್ ಅಲ್ಲ. ನಾನು. ನಿಮ್ಮ ಹರಳನ್ನು ಹಾಳು ಮಾಡಿದವನೂ ನಾನೇ. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದುಬಿಟ್ಟೆ — ನಿಧಾನವಾಗಿ ಬರೆಯಲು ಕುಳಿತರೆ ನಡುವೆ ಎಲ್ಲಾದರೂ ಒಂದು ನಗೆಮಾತು ತುರುಕಿ ಜಾರಿಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನನ್ನ ನೆನಪು ನಿಮಗಿರಲಿಕ್ಕಿಲ್ಲ. ಪುಣೆಯ ಸಂಶೋಧನಾ ಸಂಸ್ಥೆಯ ಆ ಎಕ್ಸ್‌-ರೇ ಕೋಣೆಯಲ್ಲಿ ಯಂತ್ರ ನಡೆಸುತ್ತಿದ್ದ ಸಣಕಲ ಹುಡುಗ. ಬರಬೇಕೋ ಬೇಡವೋ ಎಂದು ಮೀಸೆ ಇನ್ನೂ ಯೋಚಿಸುತ್ತಿದ್ದ ಕಾಲ. ಅಪ್ಪ ಖಡಕಿಯ ಕಾರ್ಖಾನೆಯಲ್ಲಿ ಗುಮಾಸ್ತರು. ನನ್ನ ನೌಕರಿ ಮಾತ್ರ ಹಂಗಾಮಿ. ಕ್ಯಾಂಟೀನಿನವರು ನನ್ನನ್ನು 'ಪೋಪಟ್' ಅನ್ನುತ್ತಿದ್ದರು — ಗಿಣಿ. ಯಾರ ದನಿಯನ್ನಾದರೂ ಎತ್ತಿ ಆಡುತ್ತಿದ್ದೆ. ಪ್ರಯೋಗಾಲಯದ ಮುಖ್ಯಸ್ಥರಾದ, ನಮ್ಮ ಕನ್ನಡದವರೇ ಆದ ಸರ್ ದನಿಯಂತೂ ನನ್ನ ಗಂಟಲಲ್ಲೇ ಬಾಡಿಗೆಗಿತ್ತು: ಎರಡು ಸಲ ಕೆಮ್ಮು, ಆಮೇಲೆ ಎಳೆದ ಒಂದು "ನೋಡವಾ ತಂಗಿ..."

ನೀವು ಧಾರವಾಡದಿಂದ ಬಂದಿದ್ದಿರಿ. ಹೊರಗಿನಿಂದ ಬರುವ ಸಂಶೋಧಕರಿಗೆ ನಮ್ಮ ಯಂತ್ರದ ಮೇಲೆ ಸರದಿ ಸಿಗುವುದೇ ಕಷ್ಟ. ನಮ್ಮಲ್ಲಿ ಚೆನ್ನಾಗಿ ಕಂಡ ಹರಳಿಗೆ ಮಾತ್ರ ಮುಂದೆ ವಿದೇಶದ ದೊಡ್ಡ ಎಕ್ಸ್-ರೇ ಕೇಂದ್ರವಾದ ಸಿಂಕ್ರೋಟ್ರಾನ್‌ನ ಬಾಗಿಲು. ಎಷ್ಟೋ ತಿಂಗಳು ಬೆಳೆಸಿದ ಪ್ರೋಟೀನಿನ ಹರಳುಗಳಲ್ಲಿ ಗಟ್ಟಿಯಾಗಿ ಉಳಿದದ್ದು ಅದೊಂದೇ ಎಂದಿರಿ. ಅದನ್ನು, ಮಂಜುಗಟ್ಟದಿರಲೆಂದು, ಗ್ಲಿಸರಾಲ್ ಬೆರೆಸಿದ ನೀರಿನಲ್ಲಿ ಅದ್ದಿ, ಕೂದಲೆಳೆಯಷ್ಟು ಸಣ್ಣ ಕುಣಿಕೆಯಲ್ಲಿ ಎತ್ತಿ, ನೈಟ್ರೋಜನ್ನಿನ ಕೊರೆಯುವ ಗಾಳಿಗೆ ಒಡ್ಡಿದಿರಿ. ಮೊದಲ ಚಿತ್ರ ಬಂತು. ಪರದೆಯ ತುಂಬ ಒಳ್ಳೆಯ ಹರಳಿನ ಚುಕ್ಕಿ — ಯಾರೋ ಅಂಗಳದಲ್ಲಿ ಅಳತೆ ಹಿಡಿದು ಇಟ್ಟ ರಂಗೋಲಿಯಂತೆ. ಕೈ ಒರೆಸಿಕೊಂಡಿರಿ, ಮತ್ತೆ ಒರೆಸಿಕೊಂಡಿರಿ.

ಆಗ ನೈಟ್ರೋಜನ್ ಕ್ಯಾನನ್ನು ನಾವೇ ತುಂಬಬೇಕಿತ್ತು. ಊಟಕ್ಕೆ ಏಳುವವನು ತುಂಬಿಯೇ ಏಳಬೇಕು, ಹೊರಗಿನವರು ಮುಟ್ಟುವಂತಿಲ್ಲ. ನೀವು ಕೇಳಿದಿರಿ, "ನಾ ಇಲ್ಲೇ ಕೂತಿರ್ಲೇನ್ರಿ?"

"ಉಂಡು ಬರ್ರಿ ಮೇಡಂ. ನಾ ಅದೀನಲ್ಲ?" ಎಂದೆ.

ಇರಲಿಲ್ಲ. ಕ್ಯಾಂಟೀನಿನಿಂದ ಕೂಗು ಬಂತು: "ಏ ಪೋಪಟ್, ಸಾಹೇಬ್ ಕರ್ ನಾ!" ಸಾಹೇಬರನ್ನು ಮಾಡಿ ತೋರಿಸು ಎಂದು. ಒಂದು ಚಹಾದ ಹೊತ್ತು ಅಂದುಕೊಂಡು, ಕ್ಯಾನ್ ತುಂಬದೆಯೇ ಹೋದೆ. ಜನ ನಕ್ಕರು — ನಕ್ಕರೆ ನನಗೆ ಕಾಲು ಏಳುವುದಿಲ್ಲ. ಸರ್ ಆಯಿತು, ಸರ್ ಹೆಂಡತಿ ಆಯಿತು, ಕೊನೆಗೆ ಸರ್ ಬೈಯುವಾಗ ತಲೆ ತಗ್ಗಿಸಿ ನಿಲ್ಲುವ ನಾನೂ ಆದೆ. ಮರಳಿ ಬಂದಾಗ ಕ್ಯಾನ್ ಒಣಗಿತ್ತು. ಗಾಳಿ ನಿಂತಿತ್ತು. ಗಡಿಬಿಡಿಯಲ್ಲಿ ತುಂಬಿ, ಮತ್ತೆ ಚಿತ್ರ ತೆಗೆದೆ. ಚುಕ್ಕಿಗಳಿಲ್ಲ. ಬರೀ ಕಪ್ಪು ಬಳೆಗಳು. ಹರಳು ಕರಗಿಹೋಗಿ ಅದರ ಜಾಗದಲ್ಲಿ ಮಂಜು ಕೂತಿತ್ತು.

ನೀವು ಒಳಗೆ ಬಂದಿರಿ. "ಏನಾತ್ರಿ?"

"ಬರ್ಫ ಹಿಡದದ. ಗ್ಲಿಸರಾಲ್ ಕಡಿಮಿ ಹಾಕೀರಿ ನೀವು."

"ಮುಂಜಾನಿ ಛಲೋ ಇತ್ತಲ್ರಿ..."

"ಹಿಂಗ ಆಗ್ತದ್ರಿ. ಸಾವಕಾಶ ಹಿಡೀತದ."

ಹಾಗೆಲ್ಲ ಆಗುವುದಿಲ್ಲ. ಬಾಯಿಗೆ ಬಂದದ್ದನ್ನು ಆಡಿದ್ದೆ. ನಿಮಗೂ ಒಳಗೊಳಗೆ ಅನುಮಾನ ಇತ್ತು. ಅದಕ್ಕೇ ಮರುದಿನ ಬೆಳಿಗ್ಗೆ ಅತಿಥಿಗೃಹದಿಂದ ಸರ್ ಕೋಣೆಗೆ ಫೋನ್ ಮಾಡಿದಿರಿ. ಸರ್ ಹೊಸ ಯಂತ್ರದ ಮೀಟಿಂಗಿನಲ್ಲಿದ್ದರು. ಮೇಜಿನ ಮೇಲೆ ಕಾಗದ ಇಡಲು ಹೋದ ನಾನು ರಿಸೀವರ್ ಎತ್ತಿದೆ. "ಸರ್, ನಾ ಶೈಲಜಾ ರೀ. ನಿನ್ನಿ ನೈಟ್ರೋಜನ್ ನಿಂತಿತ್ತೇನೋ ಅಂತ..."

'ಸರ್ ಇಲ್ರಿ' — ಇಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಸರ್ ವಿಚಾರಿಸಿದರೆ ನನ್ನ ನೌಕರಿ... ಎರಡು ಸಲ ಕೆಮ್ಮಿದೆ.

"ನೋಡವಾ ತಂಗಿ, ತಪ್ಪು ಮೊದಲ ನಮ್ಮ ಕೈಯಾಗ ಹುಡುಕಬೇಕು. ಯಂತ್ರದ ಮ್ಯಾಲ ಹಾಕಬಾರದು."

ನೀವು, "ಹೌದ್ರಿ ಸರ್. ತಪ್ಪಾತ್ರಿ," ಎಂದಿರಿ.

ನೀವು ಕ್ಷಮೆ ಕೇಳಿದಿರಿ. ನನ್ನಲ್ಲಿ.

ಹೇಸಿಗೆ ಇಲ್ಲಿಗೆ ಮುಗಿಯುವುದಿಲ್ಲ. ಆ ವಾರವೇ ಕ್ಯಾಂಟೀನಿನಲ್ಲಿ ನಿಮ್ಮ ದನಿಯನ್ನೂ ಮಾಡಿ ತೋರಿಸಿದೆ. ನಡುಗುವ ಆ "ತಪ್ಪಾತ್ರಿ," ಕೈ ಒರೆಸಿಕೊಳ್ಳುವ ಆ ರೀತಿ. ಭಾಳ ನಕ್ಕರು. ಒಬ್ಬ ಇನ್ನೊಮ್ಮೆ ಎಂದ. ಇನ್ನೊಮ್ಮೆ ಮಾಡಿದೆ. ಈಗ ನೆನೆದರೆ ಬಾಯಲ್ಲಿ ಹಳಸಿದ ಹಾಲಿನ ರುಚಿ ಬರುತ್ತದೆ, ಉಗುಳಿದರೂ ಹೋಗುವುದಿಲ್ಲ.

ಇನ್ನೂ ಇದೆ. ಹೊಸ ಯಂತ್ರ ತರಿಸುವಾಗ ನೈಟ್ರೋಜನ್ ತಾನೇ ತುಂಬಿಕೊಳ್ಳಬೇಕು, ಕಡಿಮೆಯಾದರೆ ಕೂಗಬೇಕು ಎಂದು ಹಟ ಹಿಡಿದವನು ನಾನು. "ಬಂದವ್ರ ಕಾಳಜಿ ಇವಂಗ ಎಷ್ಟದ ನೋಡ್ರಿ!" ಎಂದರು ಸರ್, ಎಲ್ಲರ ಮುಂದೆ. ಚಪ್ಪಾಳೆ ಬಿತ್ತು. ನೌಕರಿ ಕಾಯಂ ಆಯಿತು. ಆ ಯಂತ್ರ ಕೂಗಿದಾಗಲೆಲ್ಲ ಎಲ್ಲರಿಗಿಂತ ಮೊದಲು ಓಡುವವನು ನಾನು — ಅದಕ್ಕೂ ನನ್ನನ್ನು ಹೊಗಳುತ್ತಾರೆ.

ಹೋದ ವಾರ, ಹಿಂದೆ ಬಂದುಹೋದ ಸಂಶೋಧಕರನ್ನು ಮತ್ತೆ ಕರೆಯೋಣ ಎಂದು ಸರ್ ಹೇಳಿದರು. ನಿಮ್ಮ ನಂಬರು ಹುಡುಕಿ ಫೋನ್ ಮಾಡಿದವನು ನಾನೇ. ಎಲ್ಲ ಹೇಳಿಬಿಡಬೇಕು ಎಂದೇ ಮಾಡಿದ್ದು, ನಂಬಿ. ನೀವು "ಯಾರ್ರೀ?" ಎಂದಿರಿ. ನನ್ನ ಗಂಟಲು ಒಣಗಿತು. ಕೆಮ್ಮಿದೆ — ಎರಡು ಸಲ.

"ಸರ್! ನೀವೇನ್ರಿ?" ನಿಮ್ಮ ಸಂತೋಷ ಕಿವಿಗೆ ಬಡಿಯಿತು. "ಆ ಹರಳು ಮತ್ತ ಬೆಳೀಲೇ ಇಲ್ರಿ ಸರ್. ಪಿಎಚ್‌ಡಿ ಬಿಟ್ಟೆ. ಕಾಲೇಜಿನಾಗ ಪಾಠ ಮಾಡ್ತೀನಿ. ನೀವು ಅವತ್ತ ಹೇಳಿದ್ದು ಹುಡುಗೂರಿಗೆ ಪ್ರತಿ ವರ್ಷಾ ಹೇಳ್ತೀನ್ರಿ. ತಪ್ಪು ಮೊದಲ ನಮ್ಮ ಕೈಯಾಗ ಹುಡುಕಬೇಕು ಅಂತ."

ಫೋನ್ ಇಟ್ಟುಬಿಟ್ಟೆ. ಮಾತಾಡಿದ್ದರೆ ಯಾರ ದನಿ ಬರುತ್ತಿತ್ತೋ ಎಂಬ ಭಯ.

ಇವತ್ತು ಬೆಳಿಗ್ಗೆ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೆಮ್ಮಲಿಲ್ಲ. "ಆಕಿಗೆ ಹೇಳಿದ್ಯಾ?" ಎಂದರು. ಇಲ್ಲ ಎಂದೆ. "ಹಂಗಾರ ನನ್ನ ಮುಂದ ಯಾಕ ನಿಂತಿ?"

ಅದಕ್ಕೇ ಬರೆಯುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ, ಕೇಳಿದರೆ ಕೊಟ್ಟೇಬಿಡುತ್ತೀರಿ, ನಿಮ್ಮ ಸ್ವಭಾವ ಅದು. ನಿಮ್ಮ ಹುಡುಗರಿಗೆ ನಾಳೆಯಿಂದ ಆ ಮಾತು ಹೇಳಬೇಡಿ. ನೀವು ಹುಡುಕಿದ ಕೈಯಲ್ಲಿ ತಪ್ಪೇ ಇರಲಿಲ್ಲ.

ನಿಮ್ಮ ಗ್ಲಿಸರಾಲ್ ಸರಿಯಾಗಿಯೇ ಇತ್ತು.