ರೊಟ್ಟಿ ಬಡಿಯುವ ಕೈಯ ಸ್ಕ್ಯಾನು

ಮೊನ್ನೆ ಮಧ್ಯಾಹ್ನ ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿಗಾಗಿ ಕಾದಿದ್ದ ಕಲ್ಲೂರಿನ ಹೆಂಗಸೊಬ್ಬರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿಯ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ನಾನಾಗ ಒಬ್ಬರ ಮೊಣಕಾಲಿನ ಮೇಲೆ ಸ್ಕ್ಯಾನ್ ಮಾಡುವ ಪ್ರೋಬ್ ಇಟ್ಟುಕೊಂಡು ಕೂತಿದ್ದೆ. ಕೈ ಒಂದು ಗಳಿಗೆ ಅಲ್ಲೇ ನಿಂತಿತು. ದೊಡ್ಡವ್ವ ನೆನಪಾದರು...

ದೊಡ್ಡವ್ವ ನನ್ನ ಸಂಬಂಧಿಯೇನಲ್ಲ. ಹನ್ನೆರಡು ವರ್ಷದ ಹಿಂದೆ ಓದು ಮುಗಿಸಿ, ಮಾನ್ವಿಯಿಂದ ರಾಯಚೂರಿಗೆ ಬಂದು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಡಾಕ್ಟರಾಗಿ ಕೆಲಸಕ್ಕೆ ಸೇರಿದಾಗ, ನಾನು ಊಟಕ್ಕೆ ಹೋಗುತ್ತಿದ್ದ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದವರು. ಊರು ಗಬ್ಬೂರು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದಿದ್ದರು. ಖಾನಾವಳಿ ಆ ತಮ್ಮನದೇ. ಉಣ್ಣಲು ಬಂದವರೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಎರಡೇ ರೊಟ್ಟಿ ಸಾಕು ಅಂದರೆ, ಇಷ್ಟು ಓದಿದಾಕಿಗೆ ಮೂರರ ತನಕ ಎಣಿಸಲು ಬರೋದಿಲ್ಲವೇ ಎಂದು ಕೇಳಿ ಇನ್ನೊಂದನ್ನು ತಟ್ಟೆಗೆ ಹಾಕಿಯೇ ಬಿಡುತ್ತಿದ್ದರು.

ಆ ಬೇಸಿಗೆಯಲ್ಲಿ ಅವರ ಬಲ ಮಣಿಕಟ್ಟು ನೋಯತೊಡಗಿತು, ಕಿರುಬೆರಳಿನ ಕಡೆಗೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಲುಬಿನ ಡಾಕ್ಟರು ನನ್ನ ಬಳಿ ಕಳಿಸಿದರು. ಹೊಟ್ಟೆಯೊಳಗಿನ ಕೂಸನ್ನು ನೋಡುವ ಮಷಿನ್ನಿನಲ್ಲಿ ಕೈಯನ್ನೂ ನೋಡುತ್ತಾರೆಂದು ಕೇಳಿ ದೊಡ್ಡವ್ವನಿಗೆ ನಗು ತಡೆಯಲಾಗಲಿಲ್ಲ. ತಣ್ಣನೆಯ ಜೆಲ್ಲು ಹಚ್ಚಿದಾಗ, ನಮ್ಮ ಬಿಸಿಲಿಗೆ ಇದನ್ನು ಮೈತುಂಬ ಹಚ್ಚಿಕೊಳ್ಳಬೇಕು ಅಂದರು. ನಾನು ಕೈಯನ್ನು ದಿಂಬಿನ ಮೇಲೆ ಇಡಿಸಿ, ಒಂಚೂರೂ ಅಲುಗಿಸಬೇಡಿ ಎಂದು ತಾಕೀತು ಮಾಡಿ, ಬಹಳ ಶಿಸ್ತಿನಿಂದ ನೋಡಿದೆ. ಬಾವಿಲ್ಲ, ನೀರು ತುಂಬಿಲ್ಲ, ಎಲ್ಲೂ ಹರಿದಿಲ್ಲ. ಎಲ್ಲ ಸರಿ ಇದೆ ಎಂದು ಬರೆದು ಸಹಿ ಹಾಕಿದೆ. ಅನುಭವ ಗಿಡ್ಡವಿದ್ದರೂ ಸಹಿ ಉದ್ದವಿತ್ತು.

ವಾರದ ಮೇಲೆ ಊಟಕ್ಕೆ ಹೋದಾಗ ಅವರ ತಮ್ಮ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು.

"ಕೈಗೆ ಏನೂ ಆಗಿಲ್ಲಂತ ಡಾಕ್ಟರೇ ಬರದು ಕೊಟ್ಟಾರ. ಸುಳ್ಳ ನೆವ ಹೇಳ್ತಾಳ್ರಿ ನಮ್ಮಕ್ಕ."

ದೊಡ್ಡವ್ವ ತಲೆ ಎತ್ತಲಿಲ್ಲ. ತುಟಿ ಕಚ್ಚಿಕೊಂಡು ಬಡಿಯುತ್ತಲೇ ಇದ್ದರು. ನನ್ನ ಒಂದು ಸಾಲಿನಿಂದ ಆ ಹೆಣ್ಣುಮಗಳು ತಮ್ಮನ ಮನೆಯಲ್ಲಿ ಸುಳ್ಳಿಯಾಗಿದ್ದರು. ಆದರೂ ಎದ್ದು ಒಂದು ಮಾತಾಡುವ ಧೈರ್ಯ ನನಗಾಗಲಿಲ್ಲ.

ಮರುದಿನ ದೊಡ್ಡವ್ವ ತಾವೇ ಆಸ್ಪತ್ರೆಗೆ ಬಂದರು, ಒಬ್ಬರೇ. ಸೆರಗಿನ ಕೆಳಗಿನಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಬಿಸಿನೀರಲ್ಲಿ ನಾದಿದ ಹಿಟ್ಟಿನ ಮುದ್ದೆ!

"ಕೈ ಸುಮ್ನ ಇದ್ರ ನೋವೂ ಸುಮ್ನ ಇರ್ತದ ಯವ್ವಾ. ಬಡಿಯಾಕತ್ತಾಗ ನೋಡು."

ನಮ್ಮ ಸಿಸ್ಟರ್ ಮುಖ ಸಿಂಡರಿಸಿದರೂ ಒಂದು ಟ್ರೇ ತಂದಿಟ್ಟರು. ದೊಡ್ಡವ್ವ ನಿಂತುಕೊಂಡೇ ಬಡಿಯತೊಡಗಿದರು. ಅವರ ಮಣಿಕಟ್ಟಿನ ಮೇಲೆ ಪ್ರೋಬ್ ಹಿಡಿದು ನಾನೂ ಅದರ ಜೊತೆಗೇ ಓಲಾಡಿದೆ. ಜೆಲ್ಲಿಗೆ ಹಿಟ್ಟು, ಹಿಟ್ಟಿಗೆ ಜೆಲ್ಲು. ಮೂರನೆಯ ಸಲ ಕೈ ಹೊರಳಿದಾಗ ಪರದೆಯಲ್ಲಿ ಕಂಡಿತು. ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಯೊಂದು ತನ್ನ ಜಾಗದಿಂದ ಪುಟಕ್ಕನೆ ಹೊರಗೆ ಜಿಗಿದು ಮತ್ತೆ ಒಳಗೆ ಸೇರುತ್ತಿತ್ತು. ಜಿಗಿದಾಗಲೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು. ಅಂಗವನ್ನು ಆಡಿಸುತ್ತಲೇ ನೋಡಬಹುದು ಎಂಬುದೇ ಈ ಪರೀಕ್ಷೆಯ ಹೆಚ್ಚುಗಾರಿಕೆ. ಅದನ್ನು ಓದಿ, ಬರೆದು, ಪಾಸಾಗಿ ಬಂದವಳು ನಾನು.

ಪರದೆಯತ್ತ ಬೆರಳು ಮಾಡಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ಹಂಗಾರ ನಂದು ಸುಳ್ಳಲ್ಲ," ಅಂದರು. ಅವರ ಕಣ್ಣು ತುಂಬಿತ್ತು.

ಎಲುಬಿನ ಡಾಕ್ಟರು ಪಟ್ಟಿ ಕಟ್ಟಿ, ಆರು ವಾರ ರೊಟ್ಟಿ ಮುಟ್ಟಬಾರದು ಅಂದರು. ಹೊಸ ರಿಪೋರ್ಟು ಒಯ್ಯಲು ತಮ್ಮನೂ ಬಂದಿದ್ದರು. ಮೊದಲ ಸಲ ಯಾಕೆ ಕಾಣಲಿಲ್ಲ ಎಂದು ನೇರವಾಗಿ ನನ್ನನ್ನೇ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ನಡುವೆ ಬಂದರು.

"ಅವತ್ತು ನಂದಾ ತಪ್ಪು ತಮ್ಮಾ. ಮೇಡಮ್ಮಾರು ಕೈ ಆಡಸು ಅಂದಿದ್ರು, ನಾನಾ ಆಡಸಲಿಲ್ಲ."

ನಾನು ರಿಪೋರ್ಟನ್ನು ಕವರಿಗೆ ಹಾಕಿ ಕೊಟ್ಟೆ.

ಆಮೇಲಿನ ಆರು ವಾರ ಖಾನಾವಳಿಗೆ ಹಬ್ಬವೋ ಹಬ್ಬ. ತಮ್ಮನೇ ರೊಟ್ಟಿ ಬಡಿದರು. ಅಂಚು ದಪ್ಪ, ನಡುವೆ ತೂತು. ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲೇ ಕೂತ ದೊಡ್ಡವ್ವ, ಒಂದೊಂದಕ್ಕೂ ಒಂದೊಂದು ಹೆಸರಿಡುತ್ತಿದ್ದರು. ಉಣ್ಣುವವರೆಲ್ಲ ನಗುತ್ತಿದ್ದರು, ತಮ್ಮನೂ ಸೇರಿ. ಕೈ ವಾಸಿಯಾದ ಮೇಲೂ ಅರ್ಧದಷ್ಟು ರೊಟ್ಟಿಯನ್ನು ತಮ್ಮನೇ ಬಡಿದರು, ಅಕ್ಕನಿಗೆ ಬಿಡಲಿಲ್ಲ. ಅದನ್ನು ನೋಡುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಮುಂದೆ ನನಗೆ ದೇವದುರ್ಗಕ್ಕೆ ವರ್ಗವಾಯಿತು, ಮತ್ತೆ ರಾಯಚೂರಿಗೆ ಬರುವಷ್ಟರಲ್ಲಿ ವರ್ಷಗಳು ಕಳೆದಿದ್ದವು... ದೊಡ್ಡವ್ವ ಎರಡು ವರ್ಷದ ಹಿಂದೆ ಜ್ವರ ಬಂದು ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ. ಈಗ ಯಾರೇ ನೋವೆಂದು ಬಂದರೂ ಮೊದಲು ಅವರ ಕೆಲಸ ಕೇಳುತ್ತೇನೆ, ಮಾಡಿ ತೋರಿಸಿ ಅನ್ನುತ್ತೇನೆ. ದೊಡ್ಡವ್ವನಿಗೆ ಮಾತ್ರ ತಪ್ಪಾಯಿತು ಅನ್ನಲೇ ಇಲ್ಲ.

ನಿನ್ನೆ ತಡೆಯಲಾಗದೆ ಖಾನಾವಳಿಗೆ ಹೋದೆ. ಅವರ ತಮ್ಮನಿಗೆ ಈಗ ತಲೆಯೆಲ್ಲ ಬೆಳ್ಳಗಾಗಿದೆ. ಆವತ್ತು ಕೈ ಅಲುಗಿಸಬೇಡಿ ಅಂದವಳೇ ನಾನು, ನಿಮ್ಮಕ್ಕ ನನ್ನನ್ನು ಉಳಿಸಲು ಹಾಗೆ ಹೇಳಿದರು ಎಂದೆ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಅವತ್ತಾ ಗೊತ್ತಾಗಿತ್ತು ಬಿಡ್ರಿ ಮೇಡಂ," ಅಂದರು. "ನಮ್ಮಕ್ಕಗ ಸುಳ್ಳು ಹೇಳಾಕ ಎಲ್ಲಿ ಬರ್ತಿತ್ತು?"